ಚಿಕ್ಕಮಗಳೂರಿನ ಸಣ್ಣ ಕೆಫೆಗಳು: ಏನು ಕೇಳಬೇಕು, ಏನು ಕುಡಿಯಬೇಕು, ಏನು ಬಿಡಬೇಕು

“ಇವತ್ತು ಹಾಕಿರೋದು ಯಾವ ತೋಟದ ಬೀಜ?”

ಚಿಕ್ಕಮಗಳೂರಿನ ಯಾವುದೇ ಸಣ್ಣ ಕೆಫೆಗೆ ಹೋಗಿ, ಮೆನು ಕೈಗೆ ಬರುವ ಮುಂಚೆ ಇದೊಂದು ಪ್ರಶ್ನೆ ಕೇಳಿ. ತೋಟ ಯಾವ ಕಡೆಯದು, ತಳಿ ಯಾವುದು, ಹುರಿದು ಎಷ್ಟು ದಿನ ಆಯಿತು, ಈ ಮೂರಕ್ಕೂ ತಡವರಿಸದೆ ಉತ್ತರ ಬಂದರೆ ಧೈರ್ಯವಾಗಿ ಕೂತು ಅಲ್ಲಿನ ದುಬಾರಿ ಕಾಫಿಯನ್ನೇ ಹೇಳಬಹುದು. “ಒಳ್ಳೆ ಅರೇಬಿಕಾ ಸರ್, ಪ್ರೀಮಿಯಂ” ಎಂಬಲ್ಲಿಗೆ ಮಾತು ನಿಂತರೆ, ಬಾಬಾಬುಡನ್ ಗಿರಿಯ ಬುಡದಲ್ಲಿದ್ದೂ ಆ ಕೆಫೆಗೆ ತನ್ನ ಬೀಜದ ಊರು ಗೊತ್ತಿಲ್ಲ ಎಂದಾಯಿತು. ಅಂಥ ಕಾಫಿ ಎಲ್ಲ ಊರಲ್ಲೂ ಸಿಗುತ್ತದೆ.

ಜ್ಯೋತಿನಗರ, ಬಸವನಹಳ್ಳಿ, ಐ.ಜಿ. ರಸ್ತೆಯ ಒಳ ಓಣಿಗಳು, ಬೈಪಾಸ್ ಬದಿ, ಕೈಮರಕ್ಕೆ ಹೋಗುವ ದಾರಿ, ಹೀಗೆ ಪೇಟೆಯ ಸುತ್ತ ಕಾಣುವ ಎಂಟು-ಹತ್ತು ಟೇಬಲ್ಲಿನ ಕೆಫೆಗಳ ಬಗ್ಗೆ ಈ ಮಾತು. ಹಳೇ ಹೆಂಚಿನ ಮನೆಯ ಜಗಲಿ, ಬೆತ್ತದ ಕುರ್ಚಿ, ತೂಗುದೀಪ, ಗೋಡೆ ಮೇಲೆ ಬಾಬಾ ಬುಡನ್ ತಂದ ಏಳು ಬೀಜದ ಚಿತ್ರ. ಹೆಸರು ಹಿಡಿದು ಅಂಕ ಕೊಡುವುದರಿಂದ ಪ್ರಯೋಜನ ಕಡಿಮೆ. ಇಷ್ಟು ಸಣ್ಣ ಜಾಗದಲ್ಲಿ ಕಾಫಿ ಮಾಡುವ ಕೈ ಒಂದೋ ಎರಡೋ ಇರುತ್ತದೆ. ಆ ಹುಡುಗ ರಜೆ ಹಾಕಿದ ದಿನ ಕಪ್ಪೇ ಬೇರೆ. ಎದುರಿಗೆ ಬಂದ ಕಪ್ಪನ್ನು ನೀವೇ ಅಳೆಯಲು ಏನು ಬೇಕೋ ಅದನ್ನು ಹೇಳುವುದು ಹೆಚ್ಚು ಉಪಯೋಗ.

ತೋಟದ ಹೆಸರಿಗೆ ಇಷ್ಟು ಒತ್ತು ಕೊಡಲು ಕಾರಣವಿದೆ. ದಶಕಗಳ ಕಾಲ ಬೆಳೆಗಾರರು ಕಾಫಿಯನ್ನು ಕಾಫಿ ಮಂಡಳಿಯ ಪೂಲ್‌ಗೇ ಕೊಡಬೇಕಿತ್ತು. ಗ್ರೇಡ್ ಪ್ರಕಾರ ಎಲ್ಲರ ಬೀಜವೂ ಒಂದೇ ರಾಶಿಗೆ ಸೇರುತ್ತಿತ್ತು. ಗಿರಿಯ ನೆತ್ತಿಯ ತೋಟದ್ದೂ ಬಯಲ ಸೆರಗಿನ ತೋಟದ್ದೂ ಅಲ್ಲಿ ಒಂದೇ. 1992ರಲ್ಲಿ ಒಂದು ಪಾಲನ್ನು ದೇಶದೊಳಗೆ ತಾವೇ ಮಾರಿಕೊಳ್ಳಲು ಬಿಟ್ಟರು, 1996ರ ಹೊತ್ತಿಗೆ ಕಟ್ಟುಪಾಡು ಪೂರ್ತಿ ಹೋಯಿತು. ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ಕೆಫೆ ಕಾಫಿ ಡೇಯ ಮೊದಲ ಅಂಗಡಿ ತೆರೆದದ್ದೂ ಅದೇ 1996ರಲ್ಲಿ. ತೋಟದ ಮನೆಯವರೇ ಹುರಿದು, ತೋಟದ ಹೆಸರಿನಲ್ಲೇ ಪೇಟೆಯಲ್ಲಿ ಕಪ್ ಮಾರುವುದು ಅದರ ನಂತರದ ಮಾತು. 2019ರಲ್ಲಿ ‘ಚಿಕ್ಕಮಗಳೂರು ಅರೇಬಿಕಾ’, ‘ಬಾಬಾಬುಡನ್‌ಗಿರಿ ಅರೇಬಿಕಾ’ ಎರಡಕ್ಕೂ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಬಂತು. ಇಷ್ಟೆಲ್ಲ ಆದ ಮೇಲೂ ಇಲ್ಲಿನ ಕೆಫೆಯೊಂದು ‘ಹೌಸ್ ಬ್ಲೆಂಡ್’ (ನಮ್ಮದೇ ಮಿಶ್ರಣ) ಎಂದು ಮಾತ್ರ ಬರೆದು ಕೈತೊಳೆದುಕೊಂಡರೆ ಬೇಸರವಾಗುತ್ತದೆ.

ಪುಡಿಯ ಮೂಲಕ ಬಿಸಿನೀರನ್ನು ಒತ್ತಡದಲ್ಲಿ ನುಗ್ಗಿಸಿ ಇಳಿಸುವ ಗಟ್ಟಿ ಕಾಫಿ, ಎಸ್ಪ್ರೆಸೊದಿಂದ ಶುರು ಮಾಡೋಣ, ಯಾಕೆಂದರೆ ಕ್ಯಾಪುಚಿನೊ, ಲಾಟೆ ಎಲ್ಲ ನಿಂತಿರುವುದು ಅದರ ಮೇಲೆ. ಕೌಂಟರ್ ಮೇಲೆ ಸಣ್ಣ ತಕ್ಕಡಿ ಇದೆಯೇ ನೋಡಿ. 18 ಗ್ರಾಂ ಪುಡಿ, 36 ಗ್ರಾಂ ಕಾಫಿ, 25ರಿಂದ 30 ಸೆಕೆಂಡು: ಆಧಾರದ ಲೆಕ್ಕ ಇಷ್ಟೇ, ಮಿಕ್ಕಿದ್ದು ಬೀಜ ನೋಡಿಕೊಂಡು ಆಚೀಚೆ. 15 ಸೆಕೆಂಡಿಗೇ ಕಪ್ ತುಂಬಿದರೆ ಪುಡಿ ದಪ್ಪವಾಗಿದೆ. ಬಾಯಿಗೆ ಹುಳಿ, ನೀರು ನೀರು. 40 ಸೆಕೆಂಡು ದಾಟಿ ಹನಿ ಹನಿ ಇಳಿದರೆ ಪುಡಿ ತೀರಾ ನುಣ್ಣಗಿದೆ. ನಾಲಿಗೆಯ ಹಿಂಭಾಗದಲ್ಲಿ ಸುಟ್ಟ ಕಹಿ ಕೂತುಬಿಡುತ್ತದೆ. ಸಮಯ ಸರಿಯಿದ್ದೂ ಹುಳಿ-ಕಹಿ ಎರಡೂ ಒಟ್ಟಿಗೆ ಬಂದರೆ ಪುಡಿಯನ್ನು ಓರೆಯಾಗಿ ಅದುಮಿದ್ದಾರೆ. ನೀರು ಸಡಿಲ ಇದ್ದ ಕಡೆಯಿಂದ ನುಗ್ಗಿ ಅಲ್ಲಿನ ಪುಡಿಯ ಕಹಿಯನ್ನೆಲ್ಲ ಎಳೆದುಕೊಂಡು, ಇನ್ನೊಂದು ಬದಿಯನ್ನು ಅರ್ಧ ಒಣಗೇ ಬಿಟ್ಟಿರುತ್ತದೆ.

ಮಲೆನಾಡಿನಲ್ಲಿ ಇದಕ್ಕೆ ಮಳೆಯೂ ಸೇರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹುರಿದ ಬೀಜ ಗಾಳಿಯ ತೇವ ಕುಡಿಯುತ್ತದೆ. ಬೆಳಿಗ್ಗೆ ಸರಿ ಮಾಡಿದ ಗ್ರೈಂಡರ್ ಮಧ್ಯಾಹ್ನ ಜಡಿಮಳೆ ಹಿಡಿದ ಮೇಲೆ ಸರಿ ಇರುವುದಿಲ್ಲ. ಒಳ್ಳೆ ಕೈ ದಿನಕ್ಕೆ ಎರಡು-ಮೂರು ಸಲ ಒಂದು ಶಾಟ್ (ಒಂದು ಅಳತೆ ಎಸ್ಪ್ರೆಸೊ) ಹಾಕಿ, ರುಚಿ ನೋಡಿ, ಚೆಲ್ಲಿ, ಗ್ರೈಂಡರ್ ತಿರುಗಿಸುತ್ತದೆ. ಹಾಗೆ ಚೆಲ್ಲುವುದು ಕಂಡರೆ ವ್ಯರ್ಥ ಅಂದುಕೊಳ್ಳಬೇಡಿ, ಆ ಕೆಫೆಯನ್ನು ನಂಬಬಹುದು ಎಂಬುದಕ್ಕೆ ಅದೇ ಸಾಕ್ಷಿ. ಗ್ರೈಂಡರ್ ಮೇಲಿನ ಬೀಜದ ಡಬ್ಬಿ (ಹಾಪರ್) ತುಂಬ ಬೀಜ ಸುರಿದು ಮುಚ್ಚಳ ಅರೆ ತೆರೆದಿಟ್ಟವರ ಹತ್ತಿರ ಮಳೆಗಾಲದಲ್ಲಿ ಎಸ್ಪ್ರೆಸೊ ಬೇಡ.

ಕರೆಂಟಿನದ್ದು ಇನ್ನೊಂದು. ಎರಡು ಗ್ರೂಪಿನ, ಅಂದರೆ ಒಟ್ಟಿಗೆ ಎರಡು ಕಡೆ ಕಾಫಿ ಇಳಿಸುವ ಎಸ್ಪ್ರೆಸೊ ಯಂತ್ರ ಮೂರು-ನಾಲ್ಕು ಕಿಲೋವ್ಯಾಟ್ ಎಳೆಯುತ್ತದೆ. ಮನೆ ಇನ್ವರ್ಟರ್‌ಗೆ ಅದು ಎಳೆಯುವ ಭಾರವಲ್ಲ. ಕರೆಂಟ್ ಹೋಗಿ ಬಂದರೆ ಬಾಯ್ಲರ್ ಜೊತೆ ಲೋಹದ ಭಾಗಗಳೆಲ್ಲ ಸಮ ಬಿಸಿಗೆ ಬರಲು 20-30 ನಿಮಿಷ ಹಿಡಿಯುತ್ತದೆ. ದೀಪ ಹತ್ತಿದ ತಕ್ಷಣ ಹಾಕಿದ ಕಾಫಿ ಹುಳಿ ಬರುವುದು ಅದಕ್ಕೇ. ಜೋರು ಮಳೆಯ ದಿನ ಪೋರ್ ಓವರ್ (ಕಾಗದದ ಸೋಸುಕದಲ್ಲಿಟ್ಟ ಪುಡಿಗೆ ಬಿಸಿನೀರು ಸುರಿದು ಇಳಿಸುವ ಕಾಫಿ) ಅಥವಾ ಫಿಲ್ಟರ್ ಕಾಫಿ ಹೇಳಿ. ಎರಡಕ್ಕೂ ಗ್ಯಾಸ್ ಒಲೆ ಮೇಲಿನ ಬಿಸಿನೀರು ಸಾಕು.

ಹಾಲಿನ ಕೆಲಸ ಹತ್ತಿರದಿಂದ ನೋಡುವಂಥದ್ದು. ಹಾಸನ ಹಾಲು ಒಕ್ಕೂಟದ ವ್ಯಾಪ್ತಿಗೆ ಚಿಕ್ಕಮಗಳೂರೂ ಸೇರುವುದರಿಂದ ಇಲ್ಲಿನ ಕೆಫೆಗಳಿಗೆ ನಂದಿನಿ ಸಲೀಸು. ನೀಲಿ ಪ್ಯಾಕೆಟ್‌ನ ಟೋನ್ಡ್ ಹಾಲಿನಲ್ಲಿ ಕೊಬ್ಬು ಶೇ. 3, ಕಿತ್ತಳೆ ಪ್ಯಾಕೆಟ್‌ನ ಶುಭಂನಲ್ಲಿ ಶೇ. 4.5. ನೊರೆ ನಿಲ್ಲುವುದು ಹಾಲಿನ ಪ್ರೋಟೀನ್‌ನಿಂದ, ಬಾಯಿಗೆ ಗಟ್ಟಿ ಅನ್ನಿಸುವುದು ಕೊಬ್ಬಿನಿಂದ. ಕ್ಯಾಪುಚಿನೊಗೆ ಶುಭಂ ಹದವಾಗಿ ಕೂರುತ್ತದೆ. ಹಾಲು ಫ್ರಿಜ್‌ನಿಂದ ಆಗಷ್ಟೇ ತೆಗೆದಿರಬೇಕು. ಮೊದಲು ಹಬೆ ಕೊಳವೆಯನ್ನು ಒಮ್ಮೆ ಖಾಲಿ ಊದಿಸಿ ಒಳಗೆ ನಿಂತ ನೀರು ಹೊರಗೆ ಹಾಕಬೇಕು. ತುದಿ ಹಾಲಿನ ಮೇಲ್ಮೈಗೆ ತಾಗಿದಾಗ ಕಾಗದ ಹರಿದಂಥ ‘ಚಿರ್ ಚಿರ್’ ಸದ್ದು ಮೂರು-ನಾಲ್ಕು ಸೆಕೆಂಡು. ಆಮೇಲೆ ತುದಿ ಒಳಗೆ ಇಳಿದು, ಸದ್ದು ಅಡಗಿ, ಹಾಲು ಜಗ್‌ನೊಳಗೆ ಸುಳಿಯಾಗಿ ತಿರುಗಬೇಕು. ಕಿವಿ ಸೀಳುವ ಕಿರಲು ಬಂದರೆ ಗಾಳಿ ಸೇರಿಲ್ಲ. ಗೊರಗೊರ ಸದ್ದು ಕೊನೆಯವರೆಗೂ ಬಂದರೆ ಗಾಳಿ ಅತಿಯಾಯಿತು, ಸೋಪಿನ ನೊರೆಯಂಥ ದೊಡ್ಡ ಗುಳ್ಳೆ ಏಳುತ್ತದೆ. 60ರಿಂದ 65 ಡಿಗ್ರಿಗೆ ನಿಲ್ಲಿಸಿದರೆ ಹಾಲಿನ ಸಿಹಿ ಎದ್ದು ನಿಲ್ಲುತ್ತದೆ, 70 ದಾಟಿದರೆ ಕಾಯಿಸಿದ ಹಾಲಿನ ವಾಸನೆ ಬಂದು ನೊರೆ ಒಡೆಯುತ್ತದೆ. ‘ಬಿಸಿ ಸಾಲದು’ ಎಂದು ಗಿರಾಕಿ ಹಿಂದೆ ಕಳಿಸುವುದರಿಂದಲೇ ಎಷ್ಟೋ ಕೆಫೆಗಳು ಬೇಕೆಂದೇ ಹೆಚ್ಚು ಕಾಯಿಸುತ್ತವೆ. ಲೋಟದ ಕಾಫಿಯ ಬಿಸಿ ಬೇರೆ, ಇದರದ್ದು ಬೇರೆ. ಮೊದಲ ಗುಟುಕಿಗೆ ತುಟಿ ಸುಡಬಾರದು.

ಹಿಂದಿನ ಗಿರಾಕಿಗೆ ಕಾಯಿಸಿ ಉಳಿದ ಹಾಲನ್ನೇ ಇನ್ನೊಮ್ಮೆ ಕಾಯಿಸುತ್ತಿದ್ದರೆ, ಕೊಳವೆ ಮೇಲೆ ಒಣಗಿದ ಹಾಲಿನ ಪದರ ಕಂಡರೆ, ಅಲ್ಲಿ ಹಾಲು ಹಾಕಿದ ಯಾವ ಕಾಫಿಯೂ ಬೇಡ. ಮೇಲೆ ಎಲೆ ಬಿಡಿಸಿದ್ದಾರೋ ಹೃದಯ ಬಿಡಿಸಿದ್ದಾರೋ, ಅದು ಆಮೇಲಿನ ಮಾತು.

ಈಗ ಫಿಲ್ಟರ್ ಕಾಫಿ. ಇಂಥ ಕೆಫೆಗಳ ಮೇಲೆ ದೊಡ್ಡ ತಕರಾರು ಇರುವುದು ಇಲ್ಲೇ. ಎಸ್ಪ್ರೆಸೊಗೆ ತಕ್ಕಡಿ, ಟೈಮರ್ ಇಟ್ಟುಕೊಂಡವರು ನಮ್ಮ ಫಿಲ್ಟರ್‌ಗೆ ಮಾತ್ರ ಕಣ್ಣಳತೆ. ಬೆಳಿಗ್ಗೆ ಎಂಟಕ್ಕೆ ಹಾಕಿದ ಡಿಕಾಕ್ಷನ್ ಬಿಸಿನೀರಿನ ಪಾತ್ರೆಯಲ್ಲಿ ಕೂತು ಸಂಜೆ ಐದಕ್ಕೂ ಬರುತ್ತದೆ. ಅಷ್ಟರಲ್ಲಿ ಪರಿಮಳ ಹಾರಿ, ಹುಳಿ ತಿರುಗಿ, ಅದನ್ನು ಮುಚ್ಚಲು ಸಕ್ಕರೆ ಜಾಸ್ತಿ. ದರ್ಶಿನಿಯಲ್ಲಿ ಗಂಟೆಗೆ ನೂರು ಲೋಟ ಹೋಗುವುದರಿಂದ ಡಿಕಾಕ್ಷನ್‌ಗೆ ಹಳತಾಗಲು ಬಿಡುವೇ ಇಲ್ಲ. ಕೆಫೆಯಲ್ಲಿ ಹೋಗುವುದು ಕೆಲವೇ ಲೋಟ. ಹಾಗಿದ್ದ ಮೇಲೆ ಸಣ್ಣ ಫಿಲ್ಟರ್ ಇಟ್ಟುಕೊಂಡು ಎರಡು-ಮೂರು ಗಂಟೆಗೊಮ್ಮೆ ಹೊಸದಾಗಿ ಹಾಕಬೇಕು.

ಹದ ಕಷ್ಟದ್ದಲ್ಲ. ಮೇಲಿನ ಪಾತ್ರೆಗೆ 30 ಗ್ರಾಂ ಪುಡಿ. ಬದಿಗೆ ಮೆಲ್ಲಗೆ ತಟ್ಟಿ ಸಮ ಮಾಡಬೇಕು. ಒತ್ತು ಬಿಲ್ಲೆಯನ್ನು ಅದರ ಭಾರಕ್ಕೇ ಬಿಡಬೇಕು, ಅದುಮಬಾರದು. ಕುದಿ ಇಳಿದ ನೀರನ್ನು ಮೊದಲು ಎರಡು-ಮೂರು ಚಮಚ ಸುತ್ತ ಹಾಕಿದರೆ ಪುಡಿ ಉಬ್ಬಿ, ಸಣ್ಣ ಗುಳ್ಳೆ ಎದ್ದು, ಬಿಲ್ಲೆ ಒಂದೆಳೆ ಮೇಲೇಳುತ್ತದೆ. ಆ ಉಬ್ಬು ಕಂಡರೆ ಪುಡಿ ಹೊಸದು, ಸಪ್ಪೆಯಾಗಿ ಹಾಗೇ ಕೂತರೆ ಹಳೇದು. ಅರ್ಧ ನಿಮಿಷ ಬಿಟ್ಟು ಉಳಿದ ನೀರು, ಒಟ್ಟು 150 ಮಿಲಿ. ಪುಡಿ ತನ್ನ ತೂಕದ ಎರಡರಷ್ಟು ನೀರನ್ನು ತಾನೇ ಹಿಡಿದಿಟ್ಟುಕೊಳ್ಳುವುದರಿಂದ ಕೆಳಗೆ ಸಿಗುವುದು ಸುಮಾರು 90 ಮಿಲಿ. 15ರಿಂದ 20 ನಿಮಿಷ ಬೇಕು. ಮೂರು ನಿಮಿಷಕ್ಕೇ ಇಳಿದುಬಿಟ್ಟರೆ ಪುಡಿ ತರಿ; ಅರ್ಧ ಗಂಟೆಯಾದರೂ ಇಳಿಯದಿದ್ದರೆ ಪುಡಿ ಹಿಟ್ಟಾಗಿದೆ, ಇಲ್ಲವೇ ಬಿಲ್ಲೆ ಅದುಮಿದ್ದಾರೆ. ಲೋಟಕ್ಕೆ 30 ಮಿಲಿ ಡಿಕಾಕ್ಷನ್, 90 ಮಿಲಿ ಹಾಲು. ಹಾಲನ್ನು ಪಾತ್ರೆಯಲ್ಲಿ ಕಾಯಿಸಬೇಕು. ಹಬೆ ಕೊಳವೆಯಲ್ಲಿ ಕಾಯಿಸಿದರೆ ಹಬೆಯ ನೀರೂ ಸೇರಿ ಫಿಲ್ಟರ್ ಕಾಫಿ ತೆಳ್ಳಗಾಗುತ್ತದೆ. ಬಹಳ ಕಡೆ ಆಗುವ ತಪ್ಪು ಇದು.

ಚಿಕೋರಿ ಇದ್ದರೆ ಅವಮಾನವೇನೂ ಅಲ್ಲ. ಅದು ಉಬ್ಬಿ ನೀರನ್ನು ನಿಧಾನಕ್ಕೆ ಇಳಿಸುತ್ತದೆ, ಬಣ್ಣ ಕೊಡುತ್ತದೆ, ಮಂದ ಮಾಡುತ್ತದೆ. ಕಾನೂನಿನ ಪ್ರಕಾರ ಕಾಫಿ-ಚಿಕೋರಿ ಮಿಶ್ರಣದಲ್ಲಿ ಕಾಫಿ ಶೇ. 51ಕ್ಕಿಂತ ಕಡಿಮೆ ಇರಕೂಡದು, ಪ್ಯಾಕೆಟ್ ಮೇಲೆ ಪ್ರಮಾಣ ಹಾಕಿರಬೇಕು. 80-20 ಒಳ್ಳೆ ಹದ. ಕೆಫೆಯವರನ್ನು ಕೇಳಿದರೆ ಹೇಳಬೇಕು. ಚಿಕೋರಿ ಬಿಟ್ಟೇ ಮಾಡುವುದಾದರೆ ಪುಡಿ 35 ಗ್ರಾಂವರೆಗೆ ಏರಿಸಬೇಕು. ಏರಿಸದೆ ‘ಪ್ಯೂರ್ ಕಾಫಿ’ ಎಂದು ಕೊಡುವ ಕಡೆ ಕಾಫಿ ಹಾಲಿನಲ್ಲಿ ಮುಳುಗಿಹೋಗಿರುತ್ತದೆ. ಬೆಲ್ಲದ ಕಾಫಿ ಮೆನುವಿನಲ್ಲಿ ಕಂಡರೆ ಹಾಲಿಲ್ಲದ್ದನ್ನೇ ಕೇಳಿ: ಕುದಿಸಿದ ಕಾಫಿಗೆ ಬೆಲ್ಲ, ಒಂದೆರಡು ಕಾಳುಮೆಣಸು. ಮಲೆನಾಡಿನ ಮನೆಗಳ ಮಳೆಗಾಲದ ಕಾಫಿ ಇದು, ಕೆಫೆಗಳು ಇದನ್ನು ಉಳಿಸಿಕೊಂಡಿರುವುದು ಸಂತೋಷ.

ತೋಟದ ರುಚಿ ಬಿಚ್ಚಿಕೊಳ್ಳುವುದು ಪೋರ್ ಓವರ್‌ನಲ್ಲಿ. 15 ಗ್ರಾಂ ಪುಡಿ, 240 ಮಿಲಿ ನೀರು, 92-94 ಡಿಗ್ರಿ. ಕಾಗದವನ್ನು ಮೊದಲು ಬಿಸಿನೀರಲ್ಲಿ ತೊಳೆಯದಿದ್ದರೆ ಕಾಫಿಗೆ ರಟ್ಟಿನ ವಾಸನೆ ಬರುತ್ತದೆ; ಇದನ್ನು ನೋಡಿಯೇ ಅರ್ಧ ಅಂಕ ಕೊಡಬಹುದು. ಒಟ್ಟು ಮೂರು ನಿಮಿಷದ ಆಸುಪಾಸು. ಎಸ್.795 ಸಿಕ್ಕರೆ ಅದನ್ನೇ ಹೇಳಿ. ಬಾಳೆಹೊನ್ನೂರಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆಯಲ್ಲಿ ಕೆಂಟ್ ಎಂಬ ಅರೇಬಿಕಾ ತಳಿಯ ಜೊತೆ ಬೆರಕೆ ಮಾಡಿ 1940ರ ದಶಕದಲ್ಲಿ ಕೊಟ್ಟ ತಳಿ; ಹದವಾಗಿ ಹುರಿದರೆ ಬೆಲ್ಲದ ಸಿಹಿ, ಮಸಾಲೆಯ ಛಾಯೆ, ಮೆದು ಹುಳಿ. 2007ರಲ್ಲಿ ಬಿಡುಗಡೆಯಾದ ಚಂದ್ರಗಿರಿಯೂ ಅಲ್ಲಿಯದೇ. ಎರಡೂ ಇಟ್ಟಿರುವ ಕೆಫೆ ಸಿಕ್ಕಿದರೆ ಇಬ್ಬರು ಹೋಗಿ ಒಂದೊಂದು ಹೇಳಿ ಹಂಚಿಕೊಳ್ಳಿ. ಸಕ್ಕರೆ ಹಾಕುವ ಮುಂಚೆ ಐದು ನಿಮಿಷ ಆರಲು ಬಿಡಿ. ಹೊಗೆಯಾಡುವಾಗ ಕಾಣದ ಸಿಹಿ ಉಗುರುಬೆಚ್ಚಗಾದಾಗ ಕಾಣುತ್ತದೆ.

ರೊಬಸ್ಟಾ ಎಂದರೆ ಮೂಗು ಮುರಿಯುವ ಕೆಫೆಗಳ ಮಾತಿಗೆ ಕಿವಿಗೊಡಬೇಡಿ. ಹಣ್ಣನ್ನೇ ಆರಿಸಿ ಕೊಯ್ದು, ಸಿಪ್ಪೆ ಸುಲಿದು (ಪಲ್ಪ್ ಮಾಡಿ), ತೊಳೆದು ಒಣಗಿಸಿದ ರೊಬಸ್ಟಾ ಪಾರ್ಚ್‌ಮೆಂಟ್ ಹಾಲಿನ ಕಾಫಿಗೆ ಹೇಳಿಮಾಡಿಸಿದ್ದು. ಕಾಪಿ ರಾಯಲ್ ಎಂಬ ವಿಶೇಷ ದರ್ಜೆಯೇ ಅದಕ್ಕಿದೆ. ರೊಬಸ್ಟಾಕ್ಕೆ ಕೆಟ್ಟ ಹೆಸರು ತಂದದ್ದು ಕಾಯಿ-ಹಣ್ಣು ಒಟ್ಟಿಗೆ ಸೆಳೆದು ಕಣದಲ್ಲಿ ಹೇಗೆಂದರೆ ಹಾಗೆ ಸಿಪ್ಪೆಸಮೇತ ಒಣಗಿಸಿದ ‘ಚೆರ್ರಿ’.

ತಣ್ಣೀರಿನಲ್ಲಿ ಗಂಟೆಗಟ್ಟಲೆ ನೆನೆಸಿ ಮಾಡುವ ಕೋಲ್ಡ್ ಬ್ರೂ ಬಗ್ಗೆ ಒಂದೇ ಮಾತು: ಯಾವಾಗ ನೆನೆಹಾಕಿದ್ದು ಎಂದು ಕೇಳಿ. ಮೂರು-ನಾಲ್ಕು ದಿನ ದಾಟಿದ್ದರೆ ಬೇಡ.

ತಿಂಡಿಗೆ ಬಂದರೆ, ಅಕ್ಕಿರೊಟ್ಟಿ ಇರುವ ಕಡೆ ಪಾಸ್ತಾ ಹೇಳಬೇಡಿ. ವೈಟ್ ಸಾಸ್ ಪಾಸ್ತಾ ಎಲ್ಲ ಊರಲ್ಲೂ ಒಂದೇ ರುಚಿ. ಚೀಸ್‌ಕೇಕ್ ಬಹಳ ಕಡೆ ಹೊರಗಿನಿಂದ ಬರುವ ಫ್ರೀಜರ್ ಮಾಲು, ಚಮಚ ಇಟ್ಟರೆ ನಡುವೆ ಇನ್ನೂ ಹಿಮ. ಮಲೆನಾಡಿನ ಅಕ್ಕಿರೊಟ್ಟಿ ಮೈಸೂರು ಕಡೆಯ ತಟ್ಟಿದ ರೊಟ್ಟಿಯಲ್ಲ. ಈರುಳ್ಳಿ-ಸಬ್ಬಸಿಗೆ ಏನೂ ಇಲ್ಲ. ಒಂದು ಲೋಟ ಹಿಟ್ಟಿಗೆ ಒಂದು ಲೋಟ ನೀರು, ಸ್ವಲ್ಪ ಹೆಚ್ಚೂ ಹಿಡಿಯಬಹುದು. ಉಪ್ಪು ಹಾಕಿ ಕುದಿವ ನೀರಿಗೆ ಹಿಟ್ಟು ಸುರಿದು ಉಕ್ಕರಿಸಿ, ಬಿಸಿ ಇರುವಾಗಲೇ ನಾದಿ, ತೆಳ್ಳಗೆ ಲಟ್ಟಿಸಿ, ಕಾವಲಿ ಮೇಲೆ ಎರಡೂ ಬದಿ ಬೇಯಿಸಿ, ಕೊನೆಗೆ ಬೆಂಕಿಗೇ ತೋರಿಸುವುದು. ಹದ ಸರಿಯಿದ್ದರೆ ಅಂಚಿನಲ್ಲಿ ಒಂದು ಗುಳ್ಳೆ ಎದ್ದು, ಅದು ಹರಡಿ, ಇಡೀ ರೊಟ್ಟಿ ಚೆಂಡಿನಂತೆ ಉಬ್ಬಿ, ತಟ್ಟೆಗೆ ಬರುವಷ್ಟರಲ್ಲಿ ನಿಟ್ಟುಸಿರು ಬಿಟ್ಟಂತೆ ಕೂತುಕೊಳ್ಳುತ್ತದೆ. ಎರಡು ಪದರ ಬೇರೆಯಾಗಿರಬೇಕು. ಹಿಟ್ಟು ಸಾಕಷ್ಟು ಬೆಂದಿರದಿದ್ದರೆ ಅಂಚು ಬಿರಿಯುತ್ತದೆ, ಗಾಳಿ ಸೋರಿ ಉಬ್ಬುವುದಿಲ್ಲ. ಬೆಳಿಗ್ಗೆ ಮಾಡಿಟ್ಟು ಮೈಕ್ರೋವೇವ್‌ನಲ್ಲಿ ಬಿಸಿ ಮಾಡಿದ್ದು ಮೊದಲ ನಿಮಿಷ ಮೆತ್ತಗಿದ್ದು, ಐದನೇ ನಿಮಿಷಕ್ಕೆ ಚರ್ಮವಾಗುತ್ತದೆ. ಅದಕ್ಕೇ ಗುರುತು ಸುಲಭ. ಜೊತೆಗೆ ಕಾಯಿಚಟ್ನಿಗಿಂತ ಸುಟ್ಟ ಬದನೆಕಾಯಿ ಗೊಜ್ಜು ಮೇಲು. ಮಳೆಗಾಲದಲ್ಲಿ ಕಳಲೆ ಪಲ್ಯವೋ ಪತ್ರೊಡೆಯೋ ಇದೆಯೇ ವಿಚಾರಿಸಿ, ಎಷ್ಟೋ ಸಲ ಅದು ಮೆನುವಿನಲ್ಲಿರುವುದಿಲ್ಲ, ಅಡುಗೆ ಮನೆಯಲ್ಲಿರುತ್ತದೆ.

ಆವಕಾಡೊ ಟೋಸ್ಟ್ ಎಂದು ಬರೆದಿರುವುದು ನಮ್ಮ ಬಟರ್ ಫ್ರೂಟೇ. ಕಾಫಿ ತೋಟದ ನೆರಳಿನ ಮರಗಳ ನಡುವೆ ಬೆಳೆಯುವ ಹಣ್ಣು; ಮಳೆಗಾಲದಲ್ಲಿ ಹೇಳಿದರೆ ಊರಿನದೇ ಸಿಗುತ್ತದೆ. ಹೊರದೇಶದ ಹ್ಯಾಸ್ ತಳಿಯಷ್ಟು ಎಣ್ಣೆ ಅಂಶ ಇದರಲ್ಲಿಲ್ಲ, ನೀರು ಜಾಸ್ತಿ. ಮುಂಚೆಯೇ ಕಲಸಿಟ್ಟರೆ ಕಪ್ಪಾಗಿ ನೀರು ಬಿಟ್ಟು ಬ್ರೆಡ್ ತೊಯ್ದುಹೋಗುತ್ತದೆ. ಬ್ರೆಡ್ಡನ್ನು ಬೆಣ್ಣೆಯಲ್ಲಿ ಎರಡೂ ಬದಿ ಗರಿಗರಿ ಕಾಯಿಸಿ, ಹಣ್ಣನ್ನು ಆಗಲೇ ಕೊಯ್ದು, ಉಪ್ಪು, ನಿಂಬೆಹುಳಿ, ತೋಟದ್ದೇ ಕಾಳುಮೆಣಸಿನ ತರಿ ಹಾಕಿ ಕೊಟ್ಟರೆ ಇದಕ್ಕೆ ಎಣೆಯಿಲ್ಲ. ಬೇರೆ ತಿಂಗಳಲ್ಲಿ ಹೇಳುವ ಮುಂಚೆ ಹಣ್ಣು ಎಲ್ಲಿಯದು ಎಂದು ಕೇಳಿ. ಬೆಣ್ಣೆ ಮಸಾಲೆ ದೋಸೆಯ ಆಸೆ ಇದ್ದರೆ ಕೆಫೆಯಲ್ಲಿ ಹುಡುಕಬೇಡಿ, ಟೌನ್ ಕ್ಯಾಂಟೀನ್ ಇದೆ.

ದುಡ್ಡಿನ ಲೆಕ್ಕ. ಹುರಿದ ಬೀಜ ಕಿಲೋಗೆ 1,200 ರೂಪಾಯಿ ಎಂದಿಟ್ಟುಕೊಂಡರೂ 18 ಗ್ರಾಂಗೆ 21 ರೂಪಾಯಿ 60 ಪೈಸೆ. ಉಳಿದದ್ದು ಹಾಲು, ಬಾಡಿಗೆ, ಯಂತ್ರ, ಸಂಬಳ, ನೀವು ಕೂತ ಎರಡು ಗಂಟೆ. ತೋಟದ ಹೆಸರು ಹೇಳಿ, ತೂಕ ಹಾಕಿ ಕೊಟ್ಟ ಕಪ್ಪಿಗೆ ದರ್ಶಿನಿಯ ಹಲವು ಪಟ್ಟು ಕೊಟ್ಟರೂ ಮೋಸವಿಲ್ಲ. ಹೆಸರಿಲ್ಲದ ಬೀಜಕ್ಕೆ ಅಷ್ಟು ಕೊಡುವುದು ನ್ಯಾಯವಲ್ಲ. ಬಿಲ್ಲಿನಲ್ಲಿ ತಾನಾಗಿ ಸೇರಿಸಿದ ಸರ್ವಿಸ್ ಚಾರ್ಜ್ ಕಂಡರೆ ತೆಗೆಯಲು ಹೇಳಬಹುದು, ಅದು ಕಡ್ಡಾಯವಲ್ಲ.

ಶನಿವಾರ-ಭಾನುವಾರ ಬೆಳಿಗ್ಗೆ ಗಿರಿಗೆ ಹತ್ತುವವರು, ಸಂಜೆ ಇಳಿಯುವವರು ತುಂಬಿರುತ್ತಾರೆ. ಆಗ ಪೋರ್ ಓವರ್ ಕೇಳಿದರೆ ಅವಸರದಲ್ಲಿ ನೀರು ಒಮ್ಮೆಗೇ ಸುರಿದು ಕೊಡುತ್ತಾರೆ. ವಾರದ ದಿನ ಹನ್ನೊಂದರ ಸುಮಾರಿಗೆ ಅಥವಾ ಮಧ್ಯಾಹ್ನ ಮೂರಕ್ಕೆ ಹೋದರೆ ಕಾಫಿ ಮಾಡುವವರಿಗೂ ಮಾತಾಡಲು ಬಿಡುವಿರುತ್ತದೆ. ಓಣಿಯ ಕೆಫೆಗಳಲ್ಲಿ ಕಾರು ನಿಲ್ಲಿಸಲು ಜಾಗ ಇರುವುದಿಲ್ಲ. ಅಕ್ಕಪಕ್ಕದ ಮನೆಯವರ ಗೇಟಿಗೆ ಅಡ್ಡ ಹಾಕದೆ ಮುಖ್ಯರಸ್ತೆಯಲ್ಲೇ ಬಿಟ್ಟು ನಡೆದು ಬನ್ನಿ.

ಹೊರಡುವಾಗ ಬೀಜ ಕೊಳ್ಳುವುದಾದರೆ ಪುಡಿ ಮಾಡಿಸದೆ ಇಡಿಯಾಗಿ, 250 ಗ್ರಾಂ ಮಾತ್ರ. ದಿನಕ್ಕೆ 15 ಗ್ರಾಂನಂತೆ ಹದಿನಾರು ದಿನಕ್ಕೆ ಬರುತ್ತದೆ, ರುಚಿ ಇಳಿಯುವುದರೊಳಗೆ ಮುಗಿಯುತ್ತದೆ. ಹುರಿದ ಏಳನೇ ದಿನದಿಂದ ಒಂದು ತಿಂಗಳವರೆಗೆ ಒಳ್ಳೆಯ ಕಾಲ. ನಿನ್ನೆ ಹುರಿದದ್ದರಲ್ಲಿ ಅನಿಲ ಇನ್ನೂ ಹೋಗಿರುವುದಿಲ್ಲ, ಒಂದು ವಾರ ಕಾಯಿರಿ. ಕೌಂಟರಿನ ಗಾಜಿನ ಜಾಡಿಯಲ್ಲಿ ಬೆಳಕಿಗಿಟ್ಟದ್ದು ಬೇಡ; ಗಾಳಿ ಹೊರಗೆ ಮಾತ್ರ ಬಿಡುವ ವಾಲ್ವ್ ಇರುವ ಪೊಟ್ಟಣ ಕೇಳಿ. ಅರೇಬಿಕಾ ಕೊಯ್ಲು ನವೆಂಬರ್‌ನಿಂದ ಜನವರಿ, ಕ್ಯೂರಿಂಗ್ (ಒಣಗಿದ ಬೀಜದ ಹೊಟ್ಟು ತೆಗೆದು ದರ್ಜೆ ಮಾಡುವುದು) ಮುಗಿದು ಹೊಸ ಬೆಳೆ ಹುರಿಯಲು ಬರುವುದು ಬೇಸಿಗೆಯ ಹೊತ್ತಿಗೆ; ಮೇ ತಿಂಗಳಲ್ಲಿ ಹೋದರೆ ‘ಈ ಸಾಲಿನದಾ, ಹೋದ ಸಾಲಿನದಾ’ ಎಂದು ಕೇಳುವುದು ಸರಿಯಾದ ಪ್ರಶ್ನೆಯೇ. ಬಿಸಿಲಿನಲ್ಲಿ ಡ್ಯಾಶ್‌ಬೋರ್ಡ್ ಮೇಲೆ ಇಟ್ಟು ಊರಿಗೆ ಒಯ್ಯಬೇಡಿ, ಮನೆಯಲ್ಲಿ ಫ್ರಿಜ್‌ಗೂ ಹಾಕಬೇಡಿ. ತೆಗೆದು ಮುಚ್ಚಿ ಮಾಡುವಾಗ ಬೀಜದ ಮೇಲೆ ತೇವ ಕೂರುತ್ತದೆ. ಪೊಟ್ಟಣದ ಮೇಲೆ ಪ್ಯಾಕ್ ಮಾಡಿದ ದಿನ ಮಾತ್ರ ಇದ್ದರೆ, ಹುರಿದ ದಿನ ಮತ್ತು ತೋಟದ ಹೆಸರು ಎರಡನ್ನೂ ಅಲ್ಲೇ ಪೆನ್ನಿನಲ್ಲಿ ಬರೆಸಿಕೊಳ್ಳಿ.